ಓದುಮನೆಯ ಬೀಗದ ಕೈ

ಯಾರು ಬೇಕಾದರೂ ಬಳಸಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ತಂತ್ರಾಂಶಗಳನ್ನು ಹುಟ್ಟಿಸಿದವರು ನಮ್ಮಲ್ಲಿ ಬಹಳ ಮಂದಿ. ಹುಟ್ಟಿಸಿದ್ದನ್ನು ಸಾಕಿದವರು ಬೆರಳೆಣಿಕೆಯಷ್ಟು. ಆ ಸಾಲಿನಲ್ಲಿ ಭದ್ರಾವತಿಯ ಕಾಲೇಜು ಗ್ರಂಥಪಾಲಕರಾಗಿ ನಿವೃತ್ತರಾದ ಶ್ರೀ ಹಾಲೇಶ್ ಅವರ ಹೆಸರನ್ನು ಗೌರವದಿಂದಲೂ, ಸತ್ಯ ಹೇಳಬೇಕೆಂದರೆ ಸ್ವಲ್ಪ ಸಿಟ್ಟಿನಿಂದಲೂ ಹೇಳಬೇಕು. ಹದಿನೆಂಟು ವರ್ಷ ತಮ್ಮ 'ಓದುಮನೆ'ಯನ್ನು ಅವರು ಯಾರ ಕೈಗೂ ಬಿಟ್ಟುಕೊಡಲಿಲ್ಲ.

ಸಣ್ಣ ಗ್ರಂಥಾಲಯಗಳ ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂದು ನೆನಪಿಡುವ ಈ ತಂತ್ರಾಂಶ ಅವರಿಗೆ ಹೊಳೆದದ್ದು ಮಲವಗೊಪ್ಪದ ಮನೆಯಿಂದ ಭದ್ರಾವತಿಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಕಿಟಕಿ ಪಕ್ಕ ಅರೆಗಣ್ಣು ಮುಚ್ಚಿ ಕೂತಾಗ. ಎಲ್ಲೋ ಒಂದು ಊರಿನ ಕಪಾಟಿನಿಂದ ಪುಸ್ತಕವೊಂದು ಹೊರಡುತ್ತದೆ, ಯಾರದೋ ಮಡಿಲಲ್ಲಿ ತೆರೆದುಕೊಳ್ಳುತ್ತದೆ, ಮೆಲ್ಲಗೆ ತನ್ನ ಜಾಗಕ್ಕೆ ಮರಳುತ್ತದೆ. ಈ ಕನಸಿನಲ್ಲಿ ಮುಳುಗಿ ಎಷ್ಟೋ ಸಲ ಅವರು ಇಳಿಯುವ ಸ್ಟಾಪನ್ನೇ ದಾಟಿಬಿಡುತ್ತಿದ್ದರು. ಭಾನುವಾರ ಕಾಲೇಜಿನ ಗ್ರಂಥಾಲಯಕ್ಕೆ ತಂತ್ರಾಂಶದ ಕೆಲಸ ಕಲಿಯಲು ಬಂದವರಿಗೆ ಮಂಡಕ್ಕಿ ತಿನ್ನಿಸಿ, ಪಕ್ಕ ಕೂರಿಸಿಕೊಂಡು ಕಲಿಸಿದರು. ಕಟ್ಟಳೆ ಒಂದೇ: ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಓದಿ ಒಪ್ಪಬೇಕು. ಹಾಲೇಶರಿಗೆ ಮಾತ್ರ ಆ ಕಟ್ಟಳೆ ಅನ್ವಯಿಸುತ್ತಿರಲಿಲ್ಲ! ಪಾಸ್‌ವರ್ಡ್ ಇದ್ದದ್ದೂ ಅವರ ತಲೆಯಲ್ಲಷ್ಟೇ.

ಮೂರು ವರ್ಷದ ಹಿಂದೆ ಅವಸರದಲ್ಲಿ ಒಂದು ತಿದ್ದುಪಡಿ ಮಾಡಿದವರೇ ಟೈಫಾಯ್ಡ್ ಹಿಡಿದು ಶಿವಮೊಗ್ಗದ ಆಸ್ಪತ್ರೆ ಸೇರಿದರು. ಆ ತಿದ್ದುಪಡಿಯ ತಪ್ಪಿನಿಂದ ನಲವತ್ತು ಗ್ರಂಥಾಲಯಗಳ ಕೆಲಸ ಇಪ್ಪತ್ತು ದಿನ ನಿಂತೇಹೋಯಿತು. ಜ್ವರದ ಮಂಪರಿನಲ್ಲಿ ಅವರಿಗೆ ಕಂಡದ್ದು, ಮನೆಗೆ ಮರಳುವ ದಾರಿ ಮರೆತು ಭದ್ರೆಯ ದಡದಲ್ಲಿ ಸಾಲಾಗಿ ನಿಂತ ಪುಸ್ತಕಗಳು. ತಾನಿಲ್ಲದೆ ಇದು ನಡೆಯದು ಎಂಬ ಹೆಮ್ಮೆ ಅಲ್ಲಿ ಭಯಕ್ಕೆ ತಿರುಗಿತು. ಮಂಪರು ಇಳಿದ ದಿನವೇ ಶಿಷ್ಯೆ ಬಿಂದುಶ್ರೀಯನ್ನು ಕರೆಸಿ ಪಾಸ್‌ವರ್ಡ್ ಬರೆದುಕೊಟ್ಟರು. "ಇನ್ಮೇಲೆ ನೀನೇ ನೋಡ್ಕೊಳಮ್ಮ. ನಾನು ಕಳಿಸಿದ್ದನ್ನೂ ಓದಿನೇ ಒಪ್ಪು" ಎಂದರು.

ಕೊಟ್ಟರೇನೋ ಸರಿ, ಕೈ ಸುಮ್ಮನಿರಬೇಕಲ್ಲ? ನಿವೃತ್ತಿಯ ದಿನ ಹಾರ ತುರಾಯಿ ಹಾಕಿಸಿಕೊಂಡು ಮನೆಗೆ ಬಂದವರೇ ಒಂದು ತಿದ್ದುಪಡಿ ಕಳಿಸಿದರು. ಸಂಜೆ ಬಿಂದುಶ್ರೀಯ ಫೋನು ಬಂತು.

"ಸರ್, ನಿಮ್ದು ವಾಪಸ್ ಕಳಿಸಿದೀನಿ. ಅವಸರದಲ್ಲಿ ಮಾಡಿದೀರಿ. ಭಾನುವಾರ ಬನ್ನಿ, ಪಕ್ಕದಲ್ಲಿ ಕೂತು ಸರಿ ಮಾಡೋಣ."

ಹಾಲೇಶರು ಫೋನಿಟ್ಟು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಮಡದಿ ವೀರಮ್ಮನವರು ಏನಾಯಿತೆಂದು ಕೇಳಿದರೆ, "ಇನ್ನು ಅದು ಬದುಕುತ್ತೆ ಮಾರಾಯ್ತಿ" ಎಂದರು.

ಅವರಿಗೆ ನೂರು ತುಂಬಲಿ. ಪ್ರತಿ ಭಾನುವಾರ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗಲಿ. ಅವರ ತಿದ್ದುಪಡಿಗಳು ಇನ್ನೂ ಬಹಳ ವರ್ಷ ಹೀಗೇ ವಾಪಸ್ ಬರುತ್ತಿರಲಿ.