ಧಾರವಾಡದಲ್ಲಿ ಓದಿದ ಸರ್

ಬಾಳಾಸಾಹೇಬ ಸರ್ ಧಾರವಾಡದಲ್ಲಿ ಓದಿಲ್ಲ ಎಂಬ ಸಂಗತಿ ಬನಹಟ್ಟಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಸ್ವತಃ ಅವರು, ಇನ್ನೊಬ್ಬಳು ನಾನು. ನಾನು ರಾಜಶ್ರೀ. ಇಲ್ಲಿನ ಒಂದು ಪದವಿ ಕಾಲೇಜಿನ ಆಫೀಸಿನಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅತಿಥಿ ಉಪನ್ಯಾಸಕರ ಕಡತಗಳೆಲ್ಲ ನನ್ನ ಕಪಾಟಿನಲ್ಲೇ ಇರುತ್ತವೆ. ಭೂಗೋಳ ಕಲಿಸುವ ಬಾಳಾಸಾಹೇಬ ಸರ್ ಅವರ ಕಡತದಲ್ಲಿದ್ದ ಎಂ.ಎ. ಅಂಕಪಟ್ಟಿ ಅಂಚೆ ಶಿಕ್ಷಣದ್ದು. ಮನೆಯಲ್ಲೇ ಕೂತು ಓದಿ, ಪರೀಕ್ಷೆ ಮಾತ್ರ ಹತ್ತಿರದ ಊರಿಗೆ ಹೋಗಿ ಬರೆದು ಪಡೆದದ್ದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಈ ಮನುಷ್ಯ ತರಗತಿಯಲ್ಲಿ ಬಾಯಿ ತೆರೆದರೆ ಸಾಕು, "ನಾವು ಧಾರವಾಡದಾಗ ಇದ್ದಾಗ" ಎಂದೇ ಶುರು ಮಾಡುತ್ತಿದ್ದರು.

ಹಾಸ್ಟೆಲ್ಲಿನ ನಲವತ್ತಮೂರನೇ ಖೋಲಿ, ಮೆಸ್ಸಿನ ನೀರು ಸಾರು, ಮಳೆಗಾಲದಲ್ಲಿ ಮೂರು ದಿನವಾದರೂ ಒಣಗದ ಅಂಗಿ, ಕಾರವಾರದ ಕಡಲ ದಂಡೆಗೆ ಹೋದ ಅಧ್ಯಯನ ಪ್ರವಾಸ. ಆಫೀಸಿನ ಕಿಟಕಿಯಿಂದ ನನಗೆ ಎಲ್ಲ ಕೇಳಿಸುತ್ತಿತ್ತು. ಹುಡುಗರು ಬೆನ್ನ ಹಿಂದೆ ಅವರನ್ನು ಧಾರವಾಡ ಸರ್ ಎಂದೇ ಕರೆಯುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಆಮೇಲಾಮೇಲೆ ನಗು ಬರುತ್ತಿತ್ತು, ಕಡೆಕಡೆಗೆ ಅದೂ ನಿಂತಿತು. ಯಾಕೆಂದರೆ ಪಾಠ ಮಾತ್ರ ಅವರದು ಚೊಕ್ಕ. ಕೃಷ್ಣಾ ನದಿಯನ್ನು ಹುಟ್ಟಿದ ಜಾಗದಿಂದ ಸಮುದ್ರ ಸೇರುವವರೆಗೆ ಸೀಮೆಸುಣ್ಣ ಎತ್ತದೆ ಹಲಗೆಯ ಮೇಲೆ ಬರೆಯುತ್ತಿದ್ದರು. ಪ್ರತಿ ಶನಿವಾರ ಬೀಳಗಿ ತಾಲ್ಲೂಕಿನ ಅನಗವಾಡಿಗೆ, ತಾಯಿಯ ಹತ್ತಿರ ಹೋಗುತ್ತಿದ್ದರು, ಸೋಮವಾರ ಬರುತ್ತಿದ್ದರು. ಅದು ಬಿಟ್ಟರೆ ಎಲ್ಲಿಗೂ ಇಲ್ಲ. ಕಾಲೇಜಿನ ಪ್ರವಾಸ ಹೊರಟಾಗಲೆಲ್ಲ ಅವರಿಗೆ ಸರಿಯಾಗಿ ಜ್ವರ ಬರುತ್ತಿತ್ತು. ಯಾರಿಗೂ ಕೇಡು ಮಾಡದ ಸುಳ್ಳು, ಇದ್ದರೆ ಇರಲಿ ಎಂದು ನಾನು ಕಪಾಟಿಗೆ ಕೀಲಿ ಹಾಕಿ ಸುಮ್ಮನಿದ್ದೆ.

ಈ ವರ್ಷ ರೇಷ್ಮಾ ಎಂಬ ಹುಡುಗಿ ಭೂಗೋಳದಲ್ಲಿ ಕಾಲೇಜಿಗೇ ಮೊದಲು ಬಂದಳು. ಚಿಮ್ಮಡದ ಕುರಿ ಕಾಯುವ ಮನೆತನದ ಹುಡುಗಿ. ಅಪ್ಪ ಅಮಸಿದ್ದಪ್ಪ ವರ್ಷದಲ್ಲಿ ಎಂಟು ತಿಂಗಳು ಹಿಂಡಿನ ಜೊತೆ ಹೊರಗೇ ಇರುವವನು. ಮನೆ, ಮಗಳು, ಕುಲದೇವರು ಬೀರೇಶ್ವರನ ನೇಮ ಎಲ್ಲ ಅವ್ವ ಹೊಳೆವ್ವನ ತಲೆಯ ಮೇಲೆ. ರೇಷ್ಮಾ ಮೂರು ವರ್ಷ ದಿನಾ ಬಸ್ಸಿನಲ್ಲಿ ಬಂದು ಹೋಗಿ ಓದಿದವಳು. ಒಂದು ರಾತ್ರಿಯೂ ಅವ್ವನನ್ನು ಬಿಟ್ಟು ಮಲಗಿದವಳಲ್ಲ. ಮುಂದಿನ ಓದಿಗೆ ಅರ್ಜಿ ಹಾಕಿದಾಗ ಎರಡು ಕಡೆ ಅವಳ ಹೆಸರು ಬಂತು. ಒಂದು ಧಾರವಾಡದ ವಿಶ್ವವಿದ್ಯಾಲಯ, ಇನ್ನೊಂದು ಮನೆಯಿಂದಲೇ ಹೋಗಿ ಬರುವಷ್ಟು ಹತ್ತಿರದ್ದು. ಧಾರವಾಡ ಬೇಕಾದರೆ ಶುಕ್ರವಾರ ಸಂಜೆ ನಾಲ್ಕರೊಳಗೆ ಅಲ್ಲಿ ಮೂಲ ಅಂಕಪಟ್ಟಿ ಕೊಟ್ಟು ಹೆಸರು ಹಚ್ಚಬೇಕಿತ್ತು. ತಪ್ಪಿದರೆ ಸೀಟು ಬೇರೆಯವರ ಪಾಲು.

ಸರ್ ಅವರದು ಒಂದೇ ಹಟ. "ಭೂಗೋಳ ಮನ್ಯಾಗ ಕುಂತ ಕಲಿಯೂ ವಿಷಯ ಅಲ್ಲ ತಂಗಿ. ಧಾರವಾಡಕ್ಕ ಹೋಗು. ನಾ ಅಲ್ಲಿ ಇದ್ದಾಂವ ಹೇಳಾಕತ್ತೇನಿ."

ಈ ಮಾತು ಹೇಳುವಾಗ ಅವರ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ, ಸುಳ್ಳು ಎಂದು ಗೊತ್ತಿದ್ದ ನಾನೂ ಒಂದು ಗಳಿಗೆ ನಂಬಿದೆ.

ಬುಧವಾರ ಹೊಳೆವ್ವ ಆಫೀಸಿಗೆ ಬಂದಳು. ಗಟ್ಟಿ ಹೆಂಗಸು, ಸಂತೆಯಲ್ಲಿ ಗಂಡಸರ ಜೊತೆ ಕುರಿ ವ್ಯಾಪಾರ ಮಾಡುವವಳು. ಅವತ್ತು ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

"ಅಕ್ಕಾರ, ಸರ್ ಖರೇನ ಅಲ್ಲೇ ಕಲ್ತಾರೇನ್ರಿ?"

ಆಗ ನಿಜ ಹೇಳಿಬಿಟ್ಟಿದ್ದರೆ ಮುಗಿದು ಹೋಗುತ್ತಿತ್ತು. ನಾನು "ಹೂಂ" ಎಂದೆ. ಯಾಕೆ ಅಂದೆ ಎಂದು ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ.

"ಹಂಗಾರ ಅವರ ಬಂದು ತೋರಸ್ಲಿ. ಹುಡುಗಿ ಎಲ್ಲಿ ಮಲಗತೈತಿ, ಎಲ್ಲಿ ಉಣ್ಣತೈತಿ, ನಾ ಕಣ್ಣಲೆ ನೋಡಬೇಕ್ರಿ. ಸರ್ ಜೋಡಿ ಬಂದ್ರ ಕಳಸತೀನಿ. ಇಲ್ಲಂದ್ರ ಇಲ್ಲೇ ಹತ್ತರದಾಗ ಕಲೀಲಿ."

ವಿಷಯ ತಿಳಿದದ್ದೇ ಸರ್ ಜ್ವರ ಬಂದಂತಿದೆ ಎಂದರು. ಪರೀಕ್ಷೆಯ ಕೆಲಸವಿದೆ ಎಂದರು. ಹೊಳೆವ್ವ ಜಗಳ ಮಾಡಲಿಲ್ಲ, ಕಾಲೇಜಿನ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಳು. ಸಂಜೆ ಐದಾದರೂ ಏಳಲಿಲ್ಲ. ಕಡೆಗೆ ಸರ್ ನನ್ನ ಮೇಜಿನ ಹತ್ತಿರ ಬಂದರು.

"ರಾಜಶ್ರೀ ಅವರ, ನೀವೂ ಬರ್ರಿ. ನನಗ ಒಬ್ಬಾವಗ ಆಗೂದಿಲ್ಲ."

ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿತ್ತೆಂದು ಆಗ ತಿಳಿಯಿತು. ಛಲೋ ಆತು, ಅನುಭವಿಸ್ರಿ ಎಂದು ಮನಸ್ಸಿನಲ್ಲಿ ಬಂತು. ಆದರೆ ಹೂಂ ಎಂದವಳು ನಾನೇ ತಾನೆ. ಸುಳ್ಳು ಬಯಲಾದರೆ ಅತಿಥಿ ಉಪನ್ಯಾಸಕರಾದ ಅವರನ್ನು ಬರುವ ವರ್ಷ ಮತ್ತೆ ಕರೆಯುವುದಿಲ್ಲ, ನನ್ನನ್ನೂ ಯಾರೂ ಸುಮ್ಮನೆ ಬಿಡುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟರ ಬಸ್ಸಿಗೆ ನಾಲ್ವರೂ ಹೊರಟೆವು. ರೇಷ್ಮಾ ಬಟ್ಟೆಯ ಬ್ಯಾಗಿನ ಮೇಲೆ ಒಂದು ಕಂಬಳಿ ಕಟ್ಟಿಕೊಂಡಿದ್ದಳು. ಅಂಕಪಟ್ಟಿಗಳ ಫೈಲನ್ನು ಹೊಳೆವ್ವ ಕಂಕುಳಲ್ಲಿ ಅವುಚಿಕೊಂಡಿದ್ದಳು. ಮಹಾಲಿಂಗಪುರ ದಾಟುವವರೆಗೆ ಸರ್ ಮಾತಾಡಿದರು. ಮುಧೋಳದ ಹತ್ತಿರ ಬಂದಾಗ ಸುಮ್ಮನಾದರು. ಲೋಕಾಪುರ ಬಿಟ್ಟ ಮೇಲೆ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದವರು ಬಿಡಲೇ ಇಲ್ಲ. ಯರಗಟ್ಟಿಯಲ್ಲಿ ಚಹಾ ಕುಡಿಯಲು ಇಳಿದರು. ಕಂಡಕ್ಟರ್ ಸೀಟಿ ಊದಿದರೂ ಅವರ ಸುಳಿವಿಲ್ಲ. ನಾನು ಓಡಿ ಹೋಗಿ ನೋಡಿದರೆ ಚಹಾದಂಗಡಿಯ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ಅಂಗಿಯ ಬೆನ್ನು ಪೂರಾ ಒದ್ದೆಯಾಗಿತ್ತು.

"ನೀವು ಮುಂದ ಹೋಗ್ರಿ, ನಾ ಹಿಂದಿನ ಬಸ್ಸಿಗೆ ಬರತೇನಿ" ಎಂದರು.

"ಹಿಂದಿನ ಬಸ್ಸಿಗೆ ನೀವು ಎಲ್ಲಿಗಿ ಹೋಗತೀರಿ ಅಂತ ನನಗ ಗೊತ್ತೈತ್ರಿ. ಹತ್ರಿ ಮೊದಲ" ಎಂದು ತೋಳು ಹಿಡಿದು ಎಳೆದುಕೊಂಡು ಬಂದೆ. ನಾಲ್ಕು ಮಂದಿಯ ಎದುರು ಗಂಡಸರ ತೋಳು ಹಿಡಿದದ್ದು ಅದೇ ಮೊದಲು. ಬಸ್ಸಿನಲ್ಲಿ ನಕ್ಕವರು ನಕ್ಕರು.

ಧಾರವಾಡದ ಬಸ್ ನಿಲ್ದಾಣ ಮುಟ್ಟಿದಾಗ ಒಂದೂವರೆ. ಇಳಿದು ಹತ್ತು ಹೆಜ್ಜೆ ನಡೆದ ಸರ್ ಒಂದು ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟರು. ಹೊಳೆವ್ವ ದಣಿವಾಗಿರಬೇಕು ಎಂದುಕೊಂಡು ನೀರು ಕೊಟ್ಟಳು. ಎರಡಾಯಿತು. ರೇಷ್ಮಾ ಗಡಿಯಾರ ನೋಡುತ್ತಿದ್ದಳು, ನಾನು ಸರ್ ಮುಖ ನೋಡುತ್ತಿದ್ದೆ.

"ಏಳ್ರಿ ಸರ್. ನಾಕಕ್ಕ ಬಾಗಲಾ ಹಾಕ್ತಾರ" ಎಂದೆ.

"ಇಲ್ಲೇ ಕುಂತಿದ್ದೆ" ಎಂದರು ಅವರು. ನನಗಲ್ಲ, ನೆಲಕ್ಕೆ ಹೇಳಿದಂತಿತ್ತು. "ಇದ ಬೆಂಚೋ, ಇಂಥಾದ ಇನ್ನೊಂದೋ."

"ಯಾವಾಗ್ರಿ?" ಎಂದಳು ರೇಷ್ಮಾ.

ಆಗ ಅವರು ಹೇಳಿದರು. ತಲೆ ಎತ್ತಲಿಲ್ಲ, ಆದರೆ ಒಂದನ್ನೂ ಬಿಡಲಿಲ್ಲ. "ನಾ ಇಲ್ಲಿ ಕಲಿತಿಲ್ಲ ತಂಗಿ. ಸೀಟು ಸಿಕ್ಕಿತ್ತು. ಹಾಸಿಗಿ ಸುತ್ತಗೊಂಡು ಇಲ್ಲೀ ತನಕಾ ಬಂದಿದ್ದೆ, ಅಷ್ಟ. ಯಾರದೂ ಗುರುತಿಲ್ಲ, ಕೈಕಾಲು ಹಿಡದಂಗ ಆದುವು. ಅಂಜಿಕಿ ಹೋಗ್ಲಿ, ಆಮ್ಯಾಲ ಏಳೂಣು ಅಂತ ಕುಂತೆ. ಸಂಜಿ ಆತು. ಜಮಖಂಡಿ ಬಸ್ ಬಂತು, ಹತ್ತಿಬಿಟ್ಟೆ. ಹತ್ತೊಂಬತ್ತ ವರ್ಷ ಆತು."

"ಮತ್ತ ಹಾಸ್ಟೆಲ್ ರೀ? ನಲವತ್ತಮೂರನೇ ಖೋಲಿ?"

"ಅದು ಗಿರಮಲ್ಲಪ್ಪಂದು. ನಮ್ಮೂರಾಂವ. ನನ್ನ ಜೋಡಿನ ಸೀಟು ಸಿಕ್ಕಿತ್ತು ಅವಗ. ಅಂವಾ ಇಲ್ಲಿದ್ದಾ, ನನಗ ಪತ್ರಾ ಬರೀತಿದ್ದಾ. ಅಂವ ಬರದದ್ದ ನಾ ನಿಮಗ ಹೇಳತಿದ್ದೆ."

ಹೊಳೆವ್ವನ ಸಿಟ್ಟು ಮೊದಲು ಅವರ ಮೇಲೆ ಹೋಗಲಿಲ್ಲ, ನನ್ನ ಮೇಲೆ ಬಂತು. "ನೀವೂ ಹೂಂ ಅಂದ್ರೆಲ್ಲ ಅಕ್ಕಾರ! ನಾ ಓದಾಕ ಬರದಾಕಿ ಅಂತ ಹಿಂಗ ಮಾಡಿದ್ರೇನು? ಒಬ್ಬಾಕಿನ ಮಗಳ ನನಗ. ಯಾರ ಮಾತಿನ ಮ್ಯಾಲೆ ಇಲ್ಲಿ ಬಿಟ್ಟ ಹೋಗಲಿ?" ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಸುತ್ತ ನಿಂತ ಜನ ನೋಡತೊಡಗಿದ್ದರು.

"ಯವ್ವಾ, ಮನಿಗಿ ಹೋಗೂಣು ನಡಿ ಬೇ" ಎಂದಳು ರೇಷ್ಮಾ. "ನಾ ಹತ್ತರದಾಗ ಕಲೀತೀನಿ. ದಿನಾ ಮನಿಗಿ ಬರತೀನಿ."

ಹಾಗೆಂದದ್ದೇ ತಡ, ಆ ಹುಡುಗಿಯ ಮುಖ ತಿಳಿಯಾಯಿತು. ಹೊಳೆವ್ವನ ಸಿಟ್ಟೂ ಅಲ್ಲಿಗೇ ಇಳಿಯಿತು. ಯಾಕೆ ಸುಳ್ಳು ಹೇಳಲಿ, ನನ್ನ ಎದೆಯೂ ಹಗುರಾಯಿತು. ಎಲ್ಲರೂ ಹಿಂದಿರುಗಿದರೆ ಯಾರ ಸುಳ್ಳೂ ಕಾಲೇಜಿನ ತನಕ ಮುಟ್ಟುವುದಿಲ್ಲ. ಅಷ್ಟರಲ್ಲೇ ಎದುರಿಗೆ ಬಸ್ಸೊಂದು ಬಂದು ನಿಂತಿತು. "ಸವದತ್ತಿ, ಯರಗಟ್ಟಿ, ಮುಧೋಳ, ಜಮಖಂಡಿ" ಎಂದು ಕಂಡಕ್ಟರ್ ಕೂಗುತ್ತಿದ್ದ. ಹೊಳೆವ್ವ ಬ್ಯಾಗು ಎತ್ತಿಕೊಂಡಳು. ಮಗಳ ಕೈ ಹಿಡಿದು ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಸರ್ ತಡೆಯಲಿಲ್ಲ. ಬೆಂಚಿನ ಮೇಲೇ ಕೂತು ಆ ಬಸ್ಸನ್ನು ನೋಡುತ್ತಿದ್ದರು.

ಅವರನ್ನು ಹಾಗೆ ಕಂಡು ಹೊಳೆವ್ವನಿಗೆ ಏನನ್ನಿಸಿತೋ, ಮೆಟ್ಟಿಲ ಮೇಲಿನಿಂದಲೇ ತಿರುಗಿ ಕೇಳಿದಳು. "ಸರ್, ಅವತ್ತ ಮನಿಗಿ ಹೋಗಿ ನಿಮ್ಮವ್ವಗ ಏನ ಹೇಳಿದ್ರಿ?"

"ಸೀಟು ಸಿಗಲಿಲ್ಲ ಅಂದೆ."

"ಅತ್ತಳೇನ್ರಿ?"

"ಇಲ್ಲ ಯವ್ವಾ. ಭಾಳ ಖುಷಿ ಆದ್ಲು. ಮಗಾ ಕಣ್ಣಮುಂದ ಉಳದಾ ಅಂತ ಮರದಿನಾ ಹೋಳಗಿ ಮಾಡಿ ಓಣಿಗೆಲ್ಲಾ ಕೊಟ್ಲು."

ಹೊಳೆವ್ವ ನಿಂತೇ ಇದ್ದಳು. ಹಿಂದಿದ್ದವರು ನೂಕಿದರು. "ಹತ್ತತೀಯೋ ಇಲ್ಲೋ ಬೇ?" ಎಂದು ಕಂಡಕ್ಟರ್ ಗದರಿದ.

"ನಾಳಿ ನಾನೂ ಹೋಳಗಿ ಮಾಡತಿದ್ದೆ" ಎಂದಳು ಹೊಳೆವ್ವ. ಕಂಡಕ್ಟರನಿಗಲ್ಲ, ಸರ್‌ಗೂ ಅಲ್ಲ. ಆಮೇಲೆ ಕಾಲನ್ನು ಮೆಟ್ಟಿಲಿಂದ ಇಳಿಸಿದಳು.

ಬಸ್ಸು ಹೋಯಿತು. ರೇಷ್ಮಾಳ ಕಣ್ಣಲ್ಲಿ ನೀರು ತುಂಬಿತು. ಅವ್ವನನ್ನು ಬಿಟ್ಟು ಅವಳು ಸರ್ ಮುಂದೆ ಹೋಗಿ ನಿಂತಳು. "ಸರ್, ಊರಿಗಿ ಹೋದ ಮ್ಯಾಲೆ ಅಂಜಿಕಿ ಹೋತೇನ್ರಿ?"

"ಇಲ್ಲ ತಂಗಿ. ಈಗ ಯರಗಟ್ಟ್ಯಾಗ ಚಾ ಕುಡ್ಯಾಕ ಇಳದ್ರೂ ಬರತೈತಿ."

ರೇಷ್ಮಾ ತಿರುಗಿ ಅವ್ವನ ಹತ್ತಿರ ಬಂದಳು. ಮೂಗು ಒರೆಸಿಕೊಂಡು ಅವ್ವನ ಕಂಕುಳಿಂದ ಫೈಲು ತಾನೇ ಎಳೆದುಕೊಂಡಳು. "ನನಗ ಭಾಳ ಅಂಜಿಕಿ ಬರಾಕತ್ತೇತಿ ಬೇ" ಎಂದಳು.

"ನನಗೂ ಬರಾಕತ್ತೇತಿ. ನಡಿ" ಎಂದಳು ಹೊಳೆವ್ವ. ಗಂಟೆ ಎರಡೂವರೆ ದಾಟಿತ್ತು. ಅವಳು ಸರ್ ಕಡೆ ತಿರುಗಿದಳು. "ಯಾ ಕಡೆ ಹೋಗಬೇಕ್ರಿ?"

"ನನಗ ಗೊತ್ತಿಲ್ಲ ಯವ್ವಾ. ಯಾರನರ ಕೇಳೂಣು" ಎಂದು ಸರ್ ಬೆಂಚಿನಿಂದ ಎದ್ದು ನಿಂತರು.