ತಕ್ಕಡಿಯಕ್ಕ ಆಡಿದ ಒಂದು ಮಾತು

ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಹನ್ನೊಂದು ವರ್ಷಗಳಿಂದ ಅಲ್ಲಿ ಒಬ್ಬ ಹೆಂಗಸು ಪುಡಿ ತೂಗುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಅವಳಿಗೆ ಒಳ್ಳೆಯ ಹೆಸರೇ ಇತ್ತು, ಆದರೆ ಮಹಡಿಗೆಲ್ಲ ಅವಳು ತಕ್ಕಡಿಯಕ್ಕ. ವಯಸ್ಸು ಐವತ್ತನಾಲ್ಕು. ತೂಕದಲ್ಲಿ ಒಂದು ದಿನವೂ ತಪ್ಪಿದವಳಲ್ಲ. ಮಾತಿನಲ್ಲಿ ತಪ್ಪುವ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಅವಳು ಮಾತಾಡುವಂತೆಯೇ ಇರಲಿಲ್ಲ.

ಅವಳ ಕೆಲಸವೇ ಹಾಗೆ. ಮನೋರೋಗ ವಿಭಾಗದ ಡಾಕ್ಟರಮ್ಮ ಒಂದು ಪರೀಕ್ಷೆ ನಡೆಸುತ್ತಿದ್ದರು. ಹಿಂದೆ ಖಿನ್ನತೆಗೆ ಬಿದ್ದು ಈಗ ವಾಸಿಯಾದವರು ಒಪ್ಪಿ, ಸಹಿ ಹಾಕಿ, ವಾರದ ಅಂತರದಲ್ಲಿ ಎರಡು ಸಲ ಬರುತ್ತಿದ್ದರು. ಬೆಳಗ್ಗೆ ಒಂಬತ್ತಕ್ಕೆ ಒಂದು ದೊಡ್ಡ ಲೋಟ ಕುಡಿದು ಐದು ಗಂಟೆ ಕೂರಬೇಕು. ಆಮೇಲೆ ಪ್ರಶ್ನೆ, ಆಮೇಲೆ ಹೊಟ್ಟೆ ತುಂಬ ಊಟ.

ಲೋಟದಲ್ಲಿ ಇರುತ್ತಿದ್ದುದು ಅಮೈನೋ ಆಮ್ಲಗಳು. ಬೇಳೆ, ಮೊಟ್ಟೆ, ಹಾಲು ಯಾವುದೇ ತಿನ್ನಿ, ಅದರ ಪ್ರೋಟೀನು ಹೊಟ್ಟೆಯಲ್ಲಿ ಒಡೆದು ಕೊನೆಗೆ ಆಗುವುದು ಇವೇ. ಹದಿನೈದು ಡಬ್ಬಿ, ಎಲ್ಲವೂ ಬಿಳಿ ಪುಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಮಾಡಿದವರು ಈ ಕೋಣೆಗೆ ಬಂದಿದ್ದರೋ ಏನೋ! ಅದರಲ್ಲಿ ಎಲ್ಲಕ್ಕಿಂತ ಸಣ್ಣ ಡಬ್ಬಿ ಟ್ರಿಪ್ಟೋಫ್ಯಾನಿನದು. ಮಿದುಳು ಸೆರೊಟೋನಿನ್ ಎಂಬುದನ್ನು ಮಾಡಿಕೊಳ್ಳುವುದು ಇದರಿಂದಲೇ. ಮನಸ್ಸಿನ ಏರಿಳಿತದಲ್ಲಿ, ನಿದ್ದೆಯಲ್ಲಿ ಆ ಸೆರೊಟೋನಿನ್ನಿನ ಕೈಯಿದೆ. ಟ್ರಿಪ್ಟೋಫ್ಯಾನನ್ನು ದೇಹ ತಾನಾಗಿ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಬಂದರೂ ಮಿದುಳಿನ ಬಾಗಿಲಲ್ಲಿ ಬೇರೆ ಆಮ್ಲಗಳ ಜೊತೆ ನೂಕುನುಗ್ಗಲು. ಒಂದು ಲೋಟದಲ್ಲಿ ಹದಿನೈದೂ ಪುಡಿ, ಇನ್ನೊಂದರಲ್ಲಿ ಸಣ್ಣ ಡಬ್ಬಿಯದೊಂದು ಬಿಟ್ಟು ಉಳಿದೆಲ್ಲ. ಬಂದವರೆಲ್ಲ ಒಂದು ವಾರ ಒಂದನ್ನು, ಮುಂದಿನ ವಾರ ಇನ್ನೊಂದನ್ನು ಕುಡಿಯಬೇಕು. ಆ ಎರಡನೆಯದನ್ನು ಕುಡಿದ ಕೆಲವರಿಗೆ ಹಳೆಯ ದುಃಖ ಕೆಲವು ಗಂಟೆ ಬಂದು ಹೋಗುತ್ತದೆ. ಎಷ್ಟೋ ಜನರಿಗೆ ಏನೂ ಆಗುವುದಿಲ್ಲ.

ಯಾರಿಗೆ ಯಾವ ವಾರ ಯಾವ ಲೋಟ ಎಂಬುದು ಡಾಕ್ಟರಮ್ಮನಿಗೂ ಗೊತ್ತಿಲ್ಲ, ನರ್ಸಿಗೂ ಗೊತ್ತಿಲ್ಲ. ತಕ್ಕಡಿಯಕ್ಕನ ರಿಜಿಸ್ಟರಿಗೆ ಮಾತ್ರ ಗೊತ್ತು. ಗೊತ್ತಿದ್ದವರ ಮುಖ ಗುಟ್ಟು ಬಿಟ್ಟುಕೊಡುತ್ತದೆ ಎಂದು, ಅವಳು ಕುಡಿಯುವವರಿಗೆ ಮುಖ ತೋರಿಸುವಂತಿಲ್ಲ, ಮಾತಾಡುವಂತಿಲ್ಲ. ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಒಂದು ಕಿಂಡಿ. ಆಚೆಯಿಂದ ಒಂದು ಕೈ ಬರುತ್ತದೆ, ನಂಬರು ಬರೆದ ಲೋಟ ತೆಗೆದುಕೊಂಡು ಹೋಗುತ್ತದೆ. ಮೌನ ಬಂಗಾರವಂತೆ. ಹಾಗಿದ್ದರೆ ಹನ್ನೊಂದು ವರ್ಷದಲ್ಲಿ ಈಕೆ ಊರಿಗೇ ದೊಡ್ಡ ಸಾಹುಕಾರ್ತಿ ಆಗಬೇಕಿತ್ತು.

ಮನೆಯಲ್ಲೂ ಬಂಗಾರವೇ. ಅಮ್ಮ ತೀರಿಕೊಂಡು ನಾಲ್ಕು ವರ್ಷ. ಭಾನುವಾರ ಅಣ್ಣ ಫೋನು ಮಾಡಿ, “ಊಟ ಆಯ್ತಾ? ನಿನಗೇನು ಬಿಡು, ಹಿಂದಿಲ್ಲ ಮುಂದಿಲ್ಲ, ನಿಶ್ಚಿಂತೆ” ಎಂದು ಇಟ್ಟುಬಿಡುತ್ತಿದ್ದ. ಅವಳಿಗೆ ಆ ನಿಶ್ಚಿಂತೆ ಸಾಕಾಗಿ ಹೋಗಿತ್ತು. ಒಂದು ಸಲ ತನ್ನ ವಿದ್ಯೆಯನ್ನು ತನ್ನ ಮೇಲೇ ಪ್ರಯೋಗಿಸಲು ಹೊರಟಳು. ಎರಡು ತಿಂಗಳು ದಿನಾ ಮೊಟ್ಟೆ, ಹಾಲು, ಕಡಲೆಬೀಜ, ಎಲ್ಲವನ್ನೂ ತೂಕ ಮಾಡಿ ತಿಂದಳು. ಹೆಚ್ಚಿದ್ದು ಸೊಂಟದ ಸುತ್ತಳತೆ. ಬೇರೆ ಯಾರಿಗೋ ಎಂಬಂತೆ ಡಾಕ್ಟರಮ್ಮನನ್ನು ಕೇಳಿದಾಗ ಅವರು ನಕ್ಕರು: “ಮೊಟ್ಟೆ ಜೊತೆ ಬೇರೆ ಆಮ್ಲಗಳೂ ಬರ್ತವಲ್ಲ, ಬಾಗಿಲಲ್ಲಿ ಮತ್ತೆ ಅದೇ ನೂಕಾಟ. ಜಾಸ್ತಿ ತಿಂದ ಮಾತ್ರಕ್ಕೆ ಮನಸ್ಸು ಗೆಲುವಾಗೋ ಹಾಗಿದ್ರೆ ನಮ್ಮ ವಿಭಾಗ ಯಾಕೆ ಬೇಕಿತ್ತು?” ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ತಕ್ಕಡಿಯಕ್ಕನಿಗೆ ಜಗಳಕ್ಕೂ ಒಬ್ಬರಿರಲಿಲ್ಲ.

ಇಂಥವಳ ಕಿಂಡಿಗೆ ಒಬ್ಬ ದರ್ಜಿಯ ಕೈ ಬಂತು. ಬೆರಳ ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಕಲೆ. ಎಲ್ಲರೂ ಸುಮ್ಮನೆ ಲೋಟ ಎತ್ತಿಕೊಂಡು ಹೋದರೆ ಈತ ಬಗ್ಗಿ, “ಒಳಗೆ ಯಾರೋ ಅಕ್ಕ ಇದೀರಂತೆ. ಅಂಚೆ ಕಚೇರಿ ಪಕ್ಕ ಮೆಟ್ಟಿಲ ಕೆಳಗೆ ನನ್ನ ಅಂಗಡಿ. ಗುಂಡಿ ಬಿದ್ರೆ ಬನ್ನಿ” ಎಂದ. ಆ ದಿನವೆಲ್ಲ ಆತ ಆಚೆ ಕೋಣೆಯಲ್ಲಿ ನರ್ಸನ್ನು ನಗಿಸುತ್ತಿದ್ದ. ಈಕೆ ಗೋಡೆಯ ಈಚೆ ಒಬ್ಬಳೇ ನಕ್ಕಳು.

ಮುಂದಿನ ವಾರ ಅದೇ ಕೈ ಬಂತು, ಮಾತು ಬರಲಿಲ್ಲ. ಮಧ್ಯಾಹ್ನ ಒಂದರ ಹೊತ್ತಿಗೆ ನರ್ಸು ಊಟಕ್ಕೆ ಇಳಿದಾಗ ಕಿಂಡಿಯ ಆಚೆ ಬಿಕ್ಕುವ ಸದ್ದು. ಗಂಡಸೊಬ್ಬ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅಳುವ ಸದ್ದು ಅದು. “ಮತ್ತೆ ಬಂತು, ಮತ್ತೆ ಬಂತಲ್ಲಪ್ಪಾ” ಎನ್ನುತ್ತಿದ್ದ. ದನಿ ದರ್ಜಿಯದೇ.

ತಕ್ಕಡಿಯಕ್ಕ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ಹೋದ ವಾರ ನಗುತ್ತಿದ್ದ, ಇವತ್ತು ಅಳುತ್ತಿದ್ದಾನೆ. ಅಂದರೆ ಇವತ್ತಿನದೇ ಸಣ್ಣ ಡಬ್ಬಿ ಬಿಟ್ಟ ಲೋಟ. ಎರಡಕ್ಕೆ ಎರಡು ಕೂಡಿಸಿದಷ್ಟು ಸರಳ. ಹಲವು ಲೋಟ ತೂಗುವವಳಿಗೆ ಯಾವ ನಂಬರಿಗೆ ಯಾವುದೆಂದು ನೆನಪಿರುತ್ತಿರಲಿಲ್ಲ. ರಿಜಿಸ್ಟರು ಕೈಯಳತೆಯಲ್ಲೇ ಇತ್ತು, ತೆರೆಯಲಿಲ್ಲ. ಕಿಂಡಿಗೆ ಬಾಗಿ ಹೇಳಿಬಿಟ್ಟಳು: “ಅಳಬೇಡಪ್ಪ. ಅದು ನಿಂದಲ್ಲ, ಲೋಟದ್ದು. ಸಂಜೆಗೆ ಹೋಗತ್ತೆ.”

ಆಚೆ ಸದ್ದು ನಿಂತಿತು. “ಹೌದಾ ಅಕ್ಕಾ?” ಎಂದ. ಆಮೇಲೆ ಮೂಗು ಒರೆಸಿಕೊಂಡು ಮುಖ ತೊಳೆದು ಬಂದ. ಎರಡು ಗಂಟೆಗೆ ಡಾಕ್ಟರಮ್ಮ ಕೇಳಿದಾಗ, “ಏನಿಲ್ಲ ಮೇಡಂ, ಆರಾಮಿದೀನಿ” ಎಂದು ಊಟ ಮಾಡಿ ಹೊರಟುಹೋದ. ಹನ್ನೊಂದು ವರ್ಷದಲ್ಲಿ ಒಬ್ಬರಿಗೆ ಉಪಕಾರ ಮಾಡಿದೆನಲ್ಲ ಎಂದು ಅವಳಿಗೆ ಹಿಗ್ಗೋ ಹಿಗ್ಗು.

ನಾಲ್ಕು ಗಂಟೆಗೆ ರೂಢಿಯಂತೆ ರಿಜಿಸ್ಟರಿಗೆ ಸಹಿ ಹಾಕಲು ಕೂತಳು. ದರ್ಜಿಯ ನಂಬರಿನ ಮುಂದೆ ತನ್ನದೇ ಅಕ್ಷರದಲ್ಲಿತ್ತು: ಹೋದ ವಾರ ಹದಿನಾಲ್ಕು ಪುಡಿ, ಈ ವಾರ ಹದಿನೈದು. ಆತ ನಗುನಗುತ್ತ ಜೀರ್ಣಿಸಿಕೊಂಡದ್ದು ಕೊರತೆಯ ಲೋಟವನ್ನು. ಇವತ್ತಿನದು ಪೂರ್ತಿ ಲೋಟ. ಆ ಅಳು ಲೋಟದ್ದಲ್ಲ, ಅವನದೇ. ಹಳೆಯ ಕಾಯಿಲೆ ನಿಜವಾಗಿ ತಿರುಗಿ ಬಂದಿದೆ, ಅದನ್ನು ಡಾಕ್ಟರಮ್ಮನಿಂದ ಮುಚ್ಚಿಡುವಂತೆ ಮಾಡಿದ್ದು ತನ್ನ ನಾಲಿಗೆ. ಮನುಷ್ಯನ ಮುಖ ನೋಡಿ ಲೋಟ ಊಹಿಸಬಾರದು ಎಂದೇ ಅಲ್ಲವೇ ಆ ಗೋಡೆ, ಆ ಕಿಂಡಿ! ಕಾವಲಿಗೆ ಕೂತವಳೇ ಎಡವಿದ್ದಳು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆತ ಈಗ ಸಂಜೆಗೆ ಹೋಗುತ್ತದೆಂದು ನಂಬಿ ಕೂತಿದ್ದಾನೆ. ಸಂಜೆಗೆ ಹೋಗದಿದ್ದರೆ ಏನು ಮಾಡಿಕೊಂಡಾನು? ಆ ಯೋಚನೆ ಬಂದದ್ದೇ ಅವಳು ಡಾಕ್ಟರಮ್ಮನ ಕೋಣೆಗೆ ನಡೆದು ಎಲ್ಲ ಒಪ್ಪಿಕೊಂಡಳು.

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ದರ್ಜಿಗೆ ಮೂರು ಸಲ ಫೋನು ಮಾಡಿದರು. ಎತ್ತಲಿಲ್ಲ. “ಅಂಗಡಿ ಗೊತ್ತಾ? ಹೋಗಿ ಕರ್ಕೊಂಡ್ಬನ್ನಿ, ಎಷ್ಟು ಹೊತ್ತಾದ್ರೂ ನಾನಿರ್ತೀನಿ. ನಾನೂ ಫೋನ್ ಮಾಡ್ತಾನೇ ಇರ್ತೀನಿ.” ಅವಳು ಬಾಗಿಲು ದಾಟುವಾಗ ಮೆಲ್ಲಗೆ ಸೇರಿಸಿದರು: “ನಾಳೆಯಿಂದ ಆ ಕೋಣೆ ನಿಮಗಿರಲ್ಲ ತಕ್ಕಡಿಯಕ್ಕ. ಗೊತ್ತಲ್ಲ?” ಗೊತ್ತಿತ್ತು.

ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ. ದೀಪ ಹಾಕಿರಲಿಲ್ಲ. ಹೊಲಿಗೆ ಯಂತ್ರದ ಸೂಜಿಯಡಿ ಅಂಗಿಯೊಂದರ ಅರ್ಧ ತೋಳು. ದರ್ಜಿ ಗೋಡೆ ಗಡಿಯಾರದ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದ. ಅವಳು ಅವನ ಮುಖ ನೋಡಿದ್ದು ಅದೇ ಮೊದಲು. ಅಷ್ಟು ಚಿಕ್ಕವನೆಂದು ಎಣಿಸಿರಲಿಲ್ಲ.

“ಏನಪ್ಪಾ” ಎಂದಳು.

ಆತ ದನಿಯಿಂದಲೇ ಗುರುತು ಹಿಡಿದ. “ಅಕ್ಕಾ, ಸಂಜೆ ಅಂದ್ರೆ ಎಷ್ಟು ಗಂಟೆ? ಐದೂವರೆ ಆಯ್ತು. ಕಾಯ್ತಾ ಕೂತಿದೀನಿ.”

ಅವಳ ಕಣ್ಣು ತುಂಬಿ ಬಂತು. ನಿಂತಲ್ಲೇ ಹೇಳಿದಳು: “ತಪ್ಪು ನಂದು. ಪುಸ್ತಕ ನೋಡದೆ ಹೇಳ್ಬಿಟ್ಟೆ. ನೀನು ಕುಡಿದಿದ್ದು ಪೂರ್ತಿ ಲೋಟ. ಅದು ಲೋಟದ್ದಲ್ಲ.”

“ಹಾಗಾದ್ರೆ ನಂದೇ.”

“ನಿಂದೇ. ಆದ್ರೆ ಹಿಂದೆ ಒಂದ್ಸಲ ವಾಸಿ ಆಗಿತ್ತಲ್ಲ, ಈಗ್ಲೂ ಆಗತ್ತೆ. ಡಾಕ್ಟರಮ್ಮ ಕಾಯ್ತಿದಾರೆ. ಏಳು.”

ಆತ ಏಳಲಿಲ್ಲ. ಅವಳನ್ನೇ ನೋಡುತ್ತ ಕೂತ. “ನಿಮಗೂ ಹೀಗಾಗತ್ತಾ ಅಕ್ಕಾ?”

ಅವಳನ್ನು ಇಂಥ ಮಾತು ಯಾರೂ ಕೇಳಿರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದಳು.

“ಆಗತ್ತೆ. ದಿನಾ ಆಗತ್ತೆ. ಅಮ್ಮ ಹೋದಾಗಿಂದ.”

“ಯಾರಿಗಾದ್ರೂ ಹೇಳಿದೀರಾ?”

“ಈಗ ನಿಂಗೆ ಹೇಳ್ತಿದೀನಲ್ಲ.”

ದರ್ಜಿ ಎದ್ದು ಮೊಳೆಗೆ ತಗುಲಿಸಿದ್ದ ಬೀಗ ತೆಗೆದುಕೊಂಡ. “ನಡೀರಿ ಹಾಗಾದ್ರೆ, ಇಬ್ರೂ ತೋರಿಸ್ಕೊಳ್ಳೋಣ” ಎಂದ. ಅಂಗಡಿಯ ಬಾಗಿಲು ಬಿಗಿಯಾಗಿತ್ತು, ಇಬ್ಬರೂ ಸೇರಿ ಎಳೆದರು.