ತಮ್ಮನಿಗೂ ಸಾಕ್ಷಿ ಕೇಳಿದ ದೊಡ್ಡಕ್ಕ

ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ದೊಡ್ಡ ವಾಷಿಂಗ್ ಮೆಷಿನ್‌ಗಳು ಗುಡುಗತೊಡಗಿರುತ್ತವೆ. ಹಬೆಯ ನಡುವೆ ದೊಡ್ಡಕ್ಕ ಬೆಡ್‌ಶೀಟಿನ ಒಂದು ತುದಿ ಹಿಡಿದು ನಿಂತಿದ್ದಾರೆ. ಇನ್ನೊಂದು ತುದಿ ಅವರ ತಮ್ಮನ ಕೈಯಲ್ಲಿ. ಇಬ್ಬರೂ ಕೊಡವುತ್ತಾರೆ, ಹತ್ತಿರ ಬಂದು ಮಡಚುತ್ತಾರೆ, ಮತ್ತೆ ದೂರ ಸರಿಯುತ್ತಾರೆ. ಮುಂದಿನ ಬಟ್ಟೆಗಂಟು ಬರುವವರೆಗೆ ಸುಮ್ಮನಿರುವ ಆಸಾಮಿಯಲ್ಲ ತಮ್ಮ. ಸೋಪಿನ ಖಾಲಿ ಡಬ್ಬವನ್ನು ಮಗುಚಿ ಹಾಕಿ, ಮುರಿದ ಬ್ರಷ್ಷಿನ ಹಿಡಿಗಳಿಂದ ಬಾರಿಸಲು ಶುರು.

“ಲೋ, ಮೇಲ್ಗಡೆ ಪೇಷಂಟ್‌ಗಳು ಮಲಗಿದಾರೆ ಕಣೋ!” ಎಂದು ದೊಡ್ಡಕ್ಕ ಗದರುತ್ತಾರೆ. ಗದರುವುದು ಬಾಯಿ ಮಾತ್ರ. ಕಾಲು ತಾಳ ಹಾಕುತ್ತಲೇ ಇರುತ್ತದೆ.

ದಿನಕ್ಕೆ ಸುಮಾರು ನಾನೂರು ಬೆಡ್‌ಶೀಟ್, ಅಷ್ಟೇ ದಿಂಬಿನ ಕವರ್. ಇಪ್ಪತ್ತರ ಹರೆಯದಲ್ಲಿ ಬೇರೆ ಊರಿನ ಆಸ್ಪತ್ರೆಯಲ್ಲಿ ಈ ಕೆಲಸ ಹಿಡಿದ ದೊಡ್ಡಕ್ಕನಿಗೆ ಈಗ ಐವತ್ತೆಂಟು. ಬಿಸಿನೀರು, ಸೋಡಾಪುಡಿಯಲ್ಲಿ ಬೆರಳ ತುದಿಗಳು ಎಷ್ಟು ಸವೆದಿವೆಯೆಂದರೆ ಫೋನು ಅವರ ಬೆರಳಚ್ಚನ್ನೇ ಗುರುತಿಸುವುದಿಲ್ಲ. “ನನ್ನ ಫೋನಿಗೇ ನಾನು ಯಾರೋ ಏನೋ!” ಎಂದು ನಗುತ್ತಾರೆ. ಆದರೆ ಚಹಾದ ಬಿಡುವಿನಲ್ಲಿ ಅದೇ ಬೆರಳುಗಳು ಹಿಡಿಯುವ ಕೆಲಸ ಕೇಳಿದರೆ ಯಾರಾದರೂ ಹುಬ್ಬೇರಿಸಬೇಕು.

ಕಿವಿಗಡಚಿಕ್ಕುವ ಗಿಟಾರು, ಎದೆ ನಡುಗಿಸುವ ಡ್ರಮ್ಮು, ಗಂಟಲು ಹರಿಯುವಂಥ ಕೂಗು: ಇದು ಹೆವಿ ಮೆಟಲ್ ಸಂಗೀತ. ಆ ಸಂಗೀತದ ತಂಡಗಳ ವಿವರವನ್ನೆಲ್ಲ ಅಭಿಮಾನಿಗಳೇ ಒಂದು ವೆಬ್‌ಸೈಟಿನಲ್ಲಿ ಕೂಡಿಡುತ್ತಿದ್ದಾರೆ. ಬಂದ ವಿವರ ಸರಿಯೇ ಎಂದು ನೋಡಿ ಒಪ್ಪುವವರಲ್ಲಿ ದೊಡ್ಡಕ್ಕನೂ ಒಬ್ಬರು. ಹನ್ನೆರಡು ವರ್ಷದಿಂದ, ನಯಾಪೈಸೆ ಸಂಬಳವಿಲ್ಲದೆ. ಅಲ್ಲಿ ಅವರ ಜೊತೆ ದಿನವೂ ವಾದ ಮಾಡುವವರೆಲ್ಲ ಅವರನ್ನು ಉದ್ದ ಕೂದಲಿನ ಹುಡುಗ ಎಂದೇ ತಿಳಿದಿದ್ದರಂತೆ.

ಒಂದು ನಿಯಮವನ್ನು ಅವರು ಸಡಿಲಿಸಿದ್ದೇ ಇಲ್ಲ. ತಂಡ ಒಂದಾದರೂ ಕ್ಯಾಸೆಟ್ಟನ್ನೋ ಸಿ.ಡಿ.ಯನ್ನೋ ಹೊರತಂದಿರಬೇಕು, ಅದಕ್ಕೆ ಸಾಕ್ಷಿ ಬೇಕು. ಈ ನಿಯಮಕ್ಕೆ ಮೊದಲು ತಲೆ ಕೊಟ್ಟವರು ಸ್ವಂತ ತಮ್ಮ. ಹರೆಯದಲ್ಲಿ ಅವರದ್ದೊಂದು ಮೆಟಲ್ ತಂಡವಿತ್ತು, ಒಂದು ಕ್ಯಾಸೆಟ್ಟೂ ಬಂದಿತ್ತು. ಮಾರಿ ಉಳಿದ ಪ್ರತಿಗಳನ್ನು ಅಪ್ಪ ಸಿಟ್ಟಿನಲ್ಲಿ ಗುಜರಿಗೆ ಹಾಕಿದ್ದರು. ಆಗ ದೂರದ ಊರಿನಲ್ಲಿದ್ದ ಅಕ್ಕ ಅದನ್ನು ಕಣ್ಣಿಂದ ಕಂಡಿರಲೇ ಇಲ್ಲ.

“ಅಕ್ಕ, ನಮ್ಮ ತಂಡಾನೂ ಹಾಕೇ ಅಂದ. ಸಾಕ್ಷಿ ತಗೊಂಡ್ಬಾ ಅಂದೆ. ತಮ್ಮ ಅಂತ ಬಾಗಿಲು ತೆಗೆದ್ರೆ ನಾಳೆ ಎಲ್ಲರ ತಮ್ಮಂದಿರೂ ಬಂದು ನಿಲ್ತಾರಲ್ಲ?” ಎನ್ನುತ್ತಾರೆ ದೊಡ್ಡಕ್ಕ. ತಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಆ ವೆಬ್‌ಸೈಟಿನತ್ತ ಇನ್ನು ತಿರುಗಿಯೂ ನೋಡುವುದಿಲ್ಲ ಎಂದವರು ವರ್ಷಗಟ್ಟಲೆ ಹಾಗೆಯೇ ಇದ್ದರು. ಅಕ್ಕನಿಗೆ ಒಳಗೊಳಗೇ ಸಂಕಟ.

ಕಳೆದ ತಿಂಗಳು ಚಹಾ ಕೊಡಲು ಬಂದ ತಮ್ಮ ಅಕಸ್ಮಾತ್ತಾಗಿ ಫೋನಿನತ್ತ ಬಗ್ಗಿದರು. ಯಾವುದೋ ಪರದೇಶದ ತಂಡದ ಪುಟದಲ್ಲಿ ಒಂದು ಕ್ಯಾಸೆಟ್ಟಿನ ಮುಖಪುಟವಿತ್ತು. ಮೆಟಲ್ ತಂಡಗಳು ತಮ್ಮ ಹೆಸರನ್ನು ಮುಳ್ಳಿನ ಪೊದೆಯ ಹಾಗೆ ಬರೆಯುತ್ತವೆ. ಬರೆದವನನ್ನು ಬಿಟ್ಟರೆ ಬೇರೆ ಯಾರಿಗೂ ಓದಲು ಬರುವುದಿಲ್ಲ. ತಮ್ಮ ಲೋಟ ಕೆಳಗಿಟ್ಟರು. “ಅಕ್ಕಾ, ಇದು ನಮ್ದು ಕಣೇ. ಈ ಮುಳ್ಳು ನಾನೇ ಬರ್ದಿದ್ದು.”

“ಎದೆ ಧಸಕ್ಕಂತು,” ಎನ್ನುವಾಗ ದೊಡ್ಡಕ್ಕನ ದನಿ ಇಳಿಯುತ್ತದೆ. ಯಾರೋ ಅಭಿಮಾನಿ ಕಳಿಸಿದ್ದ ಆ ಚಿತ್ರವನ್ನು, ಎರಡರ ಮುಳ್ಳೂ ಒಂದೇ ಥರ ಇದೆಯಲ್ಲ ಎಂದು ಪರದೇಶದ ತಂಡದ ಪುಟಕ್ಕೆ ಸೇರಿಸಲು ಒಪ್ಪಿದ್ದು ಅವರೇ, ವೆಬ್‌ಸೈಟಿನ ಪರಿಶೀಲನೆಗೆ ಕೂತ ಹೊಸತರಲ್ಲಿ. “ಅವನ ಸಾಕ್ಷಿ ನನ್ನ ಹತ್ರಾನೇ ಇತ್ತು. ನಾನೇ ಎತ್ತಿ ಬೇರೆಯವರ ಮನೆಗೆ ಕೊಟ್ಟಿದ್ದೆ.”

ಆಗಲೂ ತಾವೇ ತಿದ್ದಲಿಲ್ಲ, ಪುಣ್ಯಾತ್ಗಿತ್ತಿ! ಮನೆಯವರ ತಂಡವನ್ನು ಮನೆಯವರು ಒಪ್ಪುವಂತಿಲ್ಲ. ತಪ್ಪನ್ನು ಬರೆದು ಗೂಬೆ ಎಂಬ ಅಡ್ಡಹೆಸರಿನ, ಮುಖ ಕಾಣದ ಇನ್ನೊಬ್ಬ ಪರಿಶೀಲಕರಿಗೆ ಒಪ್ಪಿಸಿದರು. ಗೂಬೆಯೂ ಬಿಗಿಯೇ. ಬರೆದದ್ದು ನಿಮ್ಮ ತಮ್ಮನಾದರೆ ಮತ್ತೊಮ್ಮೆ ಬರೆಯಲಿ, ನಾವು ನೋಡುವಂತೆ ಎಂದಿತು ಉತ್ತರ.

ಲಾಂಡ್ರಿಯ ಮೇಜಿನ ಮೇಲೆ ಹರಿದ ಬೆಡ್‌ಶೀಟ್ ಹಾಸಿ, ವಿಡಿಯೊ ತೆಗೆಯಲು ಫೋನನ್ನು ಸೋಪಿನ ಡಬ್ಬಕ್ಕೆ ಒರಗಿಸಿದರು. ಮಾರ್ಕರ್ ಹಿಡಿದ ತಮ್ಮ ಮೊದಲ ಗೆರೆ ಎಳೆದು ಅಲ್ಲೇ ನಿಲ್ಲಿಸಿದರು. “ಅವಸರ ಇಲ್ಲ, ನಿಧಾನ ಕಣೋ,” ಎಂದು ಅಕ್ಕ ಬಟ್ಟೆಯ ತುದಿಗಳನ್ನು ಬಿಗಿಯಾಗಿ ಹಿಡಿದು ನಿಂತರು. ಒಂದು ಮುಳ್ಳು ಎದ್ದಿತು, ಇನ್ನೊಂದು, ಆಮೇಲೆ ಕೈ ತನ್ನಷ್ಟಕ್ಕೆ ಓಡಿತು. ವಿಡಿಯೊ ನೋಡಿದ ಗೂಬೆ ಒಪ್ಪಿಗೆ ಕೊಟ್ಟ ದಿನ ಅಕ್ಕ, ತಮ್ಮ ಇಬ್ಬರೂ ಮೆಷಿನ್ನುಗಳ ಸದ್ದಿನಲ್ಲಿ ಮನಸಾರೆ ಅತ್ತರಂತೆ.

ಈಗ ತಮ್ಮನ ತಂಡಕ್ಕೊಂದು ಪುಟವಿದೆ. ಒಂದು ಖಾನೆ ಮಾತ್ರ ಬಾಕಿ: ತಂಡ ಇನ್ನೂ ಇದೆಯೋ, ಮುಗಿದಿದೆಯೋ? ಉಳಿದ ಮೂವರು ದಿಕ್ಕಿಗೊಬ್ಬರಾಗಿ ಎಷ್ಟೋ ಕಾಲವಾಯಿತು. ಗೂಬೆ ಎರಡು ಬಾರಿ ಕೇಳಿದ್ದಾರೆ. ತಮ್ಮನನ್ನು ಕೇಳಿದರೆ ಮಗುಚಿದ ಡಬ್ಬದ ಮುಂದೆ ಕೂತು, ಹಿಡಿಗಳನ್ನು ಕೈಗೆತ್ತಿಕೊಂಡು, ಮತ್ತೆ ಶುರು ಮಾಡುತ್ತಾರೆ.

ದೊಡ್ಡಕ್ಕ ಈ ಸಲ ಗದರುವುದಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ತೆಗೆಯುತ್ತಾರೆ.

“ಇದೆ ಅಂತ ಗೂಬೆಗೆ ಬರೀತೀನಿ,” ಎನ್ನುತ್ತಾರೆ. “ಸಾಕ್ಷಿ ಕೇಳಿದ್ರೆ, ಬೆಳಗಾಗೋ ಹೊತ್ತಿಗೆ ಇಲ್ಲಿಗೇ ಬನ್ನಿ ಅಂತೀನಿ.”